ರೇಡಿಯೋದಲ್ಲಿ ಹೂಂಗುಟ್ಟುವ ಚಾಳಿ

ವಿಮಾನ ಹಾರಿಸೋದು ಕಲೀತಿದ್ದೀನಿ ಅಂದ ಕೂಡಲೇ ಎಲ್ಲರೂ ಕೇಳುತ್ತಿದ್ದುದು ಒಂದೇ ಪ್ರಶ್ನೆ. ಇಳಿಸುವಾಗ ಭಯ ಆಗಲ್ವಾ? ಆಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಲ್ಯಾಂಡಿಂಗ್ ಯಾವತ್ತೂ ನನ್ನ ನಿದ್ದೆ ಕೆಡಿಸಲಿಲ್ಲ. ನಿದ್ದೆ ಕೆಡಿಸಿದ್ದು ರೇಡಿಯೋ. ಎರಡು ಸೀಟಿನ ಪುಟ್ಟ ವಿಮಾನ, ಸ್ಟಿಯರಿಂಗ್ ಥರದ ಹಿಡಿಯ ಎಡಗಡೆ ಒಂದು ಸಣ್ಣ ಗುಂಡಿ, ಅದನ್ನು ಒತ್ತಿದರೆ ಟವರ್‌ನಲ್ಲಿ ಕೂತು ವಿಮಾನಗಳಿಗೆ ಅಪ್ಪಣೆ ಕೊಡುವ ಕಂಟ್ರೋಲರ್‌ಗಳಿಗೂ ಆ ಫ್ರೀಕ್ವೆನ್ಸಿಯಲ್ಲಿರುವ ಅಷ್ಟೂ ಪೈಲಟ್‌ಗಳಿಗೂ ನನ್ನ ಧ್ವನಿ ಕೇಳುತ್ತದೆ. ಅಷ್ಟೇ ವಿಷಯ. ಅಷ್ಟಕ್ಕೇ ಬಾಯಿ ಒಣಗುತ್ತಿತ್ತು.

ಮೊದಲ ಸಲ ಮಾತಾಡಿದ್ದು ಚೆನ್ನಾಗಿ ನೆನಪಿದೆ. ತೊಡೆಗೆ ಕಟ್ಟಿಕೊಳ್ಳುವ ಪುಟ್ಟ ರೈಟಿಂಗ್ ಪ್ಯಾಡ್ ಮೇಲೆ ಇಡೀ ವಾಕ್ಯ ಬರೆದುಕೊಂಡಿದ್ದೆ. ಯಾರನ್ನು ಕರೆಯುತ್ತಿದ್ದೇನೆ, ನಾನು ಯಾರು, ಎಲ್ಲಿದ್ದೇನೆ, ಏನು ಬೇಕು. ಈ ನಾಲ್ಕು ಇದೇ ಕ್ರಮದಲ್ಲಿ ಬಂದರೆ ಮುಗೀತು ಅಂತ ಇನ್‌ಸ್ಟ್ರಕ್ಟರ್ ಹೇಳಿದ್ದರು. ಹತ್ತು ಸಲ ಮನಸ್ಸಿನಲ್ಲೇ ಓದಿಕೊಂಡು, ಉಸಿರು ಎಳೆದು, ಗುಂಡಿ ಒತ್ತಿ ಗಡಗಡ ಅಂತ ಓದಿಬಿಟ್ಟೆ. ಆ ಕಡೆಯಿಂದ ಬಂದ ಉತ್ತರ: "ಸ್ಟೇಷನ್ ಕಾಲಿಂಗ್ ಟವರ್, ಸೇ ಅಗೇನ್." ಯಾರು ಕರೆದಿದ್ದು, ಇನ್ನೊಂದು ಸಲ ಹೇಳಿ ಅಂತ. ಗುಂಡಿ ಪೂರ್ತಿ ಒಳಗೆ ಹೋಗುವ ಮೊದಲೇ ನಾನು ಮಾತು ಶುರು ಮಾಡಿದ್ದೆ. ನನ್ನ ಹೆಸರೇ ಕತ್ತರಿಸಿ ಹೋಗಿತ್ತು. ಪಕ್ಕದಲ್ಲಿ ಇನ್‌ಸ್ಟ್ರಕ್ಟರ್ ಕಿಟಕಿಯ ಕಡೆ ಮುಖ ತಿರುಗಿಸಿ ಕೂತಿದ್ದರು. ನಗುತ್ತಿದ್ದರು ಅಂತ ಭುಜ ನೋಡಿದರೇ ಗೊತ್ತಾಗುತ್ತಿತ್ತು.

ಒತ್ತು, ಒಂದು ಕ್ಷಣ ನಿಲ್ಲು, ಆಮೇಲೆ ಮಾತಾಡು. ಇದು ಅವತ್ತಿನ ಪಾಠ. ಒತ್ತುವುದಕ್ಕೂ ಮೊದಲು ಕೇಳಿಸಿಕೊ ಅನ್ನೋದು ಅದಕ್ಕಿಂತ ದೊಡ್ಡ ಪಾಠ, ಅದು ತಲೆಗೆ ಹೋಗಲು ಜಾಸ್ತಿ ದಿನ ಬೇಕಾಯಿತು. ಇದು ಫೋನ್ ಥರ ಅಲ್ಲ. ಒಬ್ಬರು ಗುಂಡಿ ಒತ್ತಿದ್ದಾಗ ಬೇರೆಯವರು ಸುಮ್ನೆ ಕೇಳಬೇಕು. ಇಬ್ಬರು ಒಟ್ಟಿಗೆ ಒತ್ತಿದರೆ ಕೇಳುವವರ ಕಿವಿಗೆ ಕಿಂಯ್ ಅಂತ ಒಂದು ಕೆಟ್ಟ ಸದ್ದು ಬರುತ್ತದೆ, ಇಬ್ಬರ ಮಾತೂ ಹಾಳು. ವಿಮಾನದ ರೇಡಿಯೋ ಕೆಲಸ ಮಾಡೋದು 118ರಿಂದ 137 ಮೆಗಾಹರ್ಟ್ಸ್ ನಡುವೆ, ಅಂದರೆ ಹಾಡು ಬರುವ ಎಫ್‌ಎಂ ಪಟ್ಟಿಗಿಂತ ಸ್ವಲ್ಪ ಮೇಲೆ. ಆದರೆ ಇಲ್ಲಿರುವುದು ಇವತ್ತಿಗೂ ಹಳೇ ಎಎಂ ಪದ್ಧತಿ. ಇಷ್ಟು ಹಳೆಯದ್ದನ್ನು ಯಾಕೆ ಇಟ್ಟುಕೊಂಡಿದ್ದಾರೆ ಅಂತ ನನಗೂ ಅನ್ನಿಸಿತ್ತು. ಒಂದು ಲಾಭ ಈ ಕಿಂಯ್ ಸದ್ದೇ. ಎಫ್‌ಎಂನಲ್ಲಿ ಜೋರಾಗಿರುವ ಸಿಗ್ನಲ್ ಇನ್ನೊಂದನ್ನು ನುಂಗಿಬಿಡುತ್ತದೆ, ಇನ್ನೊಬ್ಬರು ಮಾತಾಡಿದ್ದೇ ಗೊತ್ತಾಗುವುದಿಲ್ಲ. ಎಎಂನಲ್ಲಿ ಯಾರೋ ಇನ್ನೊಬ್ಬರು ಇದ್ದರು ಅನ್ನೋದಾದರೂ ಕಿವಿಗೆ ಬೀಳುತ್ತದೆ.

ಮನೆಯಲ್ಲಿ ಅಭ್ಯಾಸ ಮಾಡಿದ್ದನ್ನು ಹೇಳಲು ಸ್ವಲ್ಪ ನಾಚಿಕೆ. ಹಾಲ್‌ನ ನೆಲವೇ ರನ್‌ವೇ ಅಂದುಕೊಂಡು ಸುತ್ತು ಹೊಡೆಯುತ್ತಾ ಗೋಡೆಗೆ ರಿಪೋರ್ಟ್ ಕೊಡುತ್ತಿದ್ದೆ. ಬೀದಿಯಲ್ಲಿ ನಡೆಯುವಾಗ ಕಾರುಗಳ ನಂಬರ್ ಪ್ಲೇಟ್ ಓದುತ್ತಿದ್ದೆ, ಕೆ ಕಂಡರೆ ಕಿಲೋ, ಎಂ ಕಂಡರೆ ಮೈಕ್, ಎಸ್ ಕಂಡರೆ ಸಿಯೆರಾ. ರೇಡಿಯೋದಲ್ಲಿ ಅಕ್ಷರ ತಪ್ಪಾಗಿ ಕೇಳಿಸಬಾರದು ಅಂತ ಒಂದೊಂದಕ್ಕೂ ಒಂದು ಪದ ಇಟ್ಟಿರುವ ಈಗಿನ ಅಕ್ಷರಮಾಲೆ 1956ರಿಂದ ಬಳಕೆಯಲ್ಲಿದೆ, ಎಲ್ಲಿ ಹೋದರೂ ಇದೇ. ಅಂಕಿಗಳಿಗೂ ಬೇರೆ ಉಚ್ಚಾರ ಇದೆ. ನೈನ್ ಅನ್ನಬಾರದು, ನೈನರ್ ಅನ್ನಬೇಕು. ಫೈವ್ ಅನ್ನೋದು ಫೈಫ್, ತ್ರೀ ಅನ್ನೋದು ಟ್ರೀ. ಮೊದಮೊದಲು ಇದೆಲ್ಲ ನಾಟಕ ಅನ್ನಿಸಿತ್ತು. ಒಂದು ದಿನ ಗೊರಗೊರ ಸದ್ದಿನ ನಡುವೆ ಯಾರೋ ಹೇಳಿದ್ದು ಫೈವೋ ನೈನೋ ತಿಳಿಯದೆ ಒದ್ದಾಡಿದ ಮೇಲೆ ನಾಟಕ ಅನ್ನೋದನ್ನು ಬಿಟ್ಟೆ.

ಮಾತಾಡುವುದು ಹೀಗೆ ಹೇಗೋ ಒಂದು ಹದಕ್ಕೆ ಬಂತು. ನನ್ನ ನಿಜವಾದ ರೋಗ ಹೊರಗೆ ಬಂದಿದ್ದು ಆಮೇಲೆ.

ನಾವು ಸಾಮಾನ್ಯವಾಗಿ ಹಾರುತ್ತಿದ್ದುದು ಟವರ್ ಅಷ್ಟೇ ಇದ್ದ, ಜಾಸ್ತಿ ಗಲಾಟೆ ಇಲ್ಲದ ಜಾಗದಲ್ಲಿ. ಒಂದು ಬೆಳಗ್ಗೆ ಇನ್‌ಸ್ಟ್ರಕ್ಟರ್ ದೊಡ್ಡ ಏರ್‌ಪೋರ್ಟ್‌ಗೆ ಕರೆದುಕೊಂಡು ಹೋದರು. ಅಲ್ಲಿ ಇಳಿಯಲು ಬರುವವರನ್ನು ನೋಡಿಕೊಳ್ಳುವ ಅಪ್ರೋಚ್‌ಗೆ ಒಂದು ಫ್ರೀಕ್ವೆನ್ಸಿ, ಟವರ್‌ಗೆ ಒಂದು, ನೆಲದ ಮೇಲೆ ಓಡಾಡುವಾಗ ಗ್ರೌಂಡ್‌ಗೆ ಇನ್ನೊಂದು. ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರು ತಯಾರು. ಚೆನ್ನಾಗಿಯೇ ಇಳಿದೆವು, ರನ್‌ವೇ ಬಿಟ್ಟು ಪಕ್ಕಕ್ಕೆ ಬಂದೆವು, ಗ್ರೌಂಡ್‌ನವರನ್ನು ಕರೆದೆ. ನನ್ನ ವಿಮಾನದ ಹೆಸರಿನ ಕೊನೆಯ ಅಕ್ಷರಗಳು ಲಿಮಾ ಟ್ಯಾಂಗೋ ಅಂತಿಟ್ಟುಕೊಳ್ಳಿ, ನಿಜವಾದದ್ದು ಬೇರೆ. ಅವರು ಒಂದೇ ಉಸಿರಿನಲ್ಲಿ ಹೇಳಿದರು: "ಲಿಮಾ ಟ್ಯಾಂಗೋ, ಟ್ಯಾಕ್ಸಿ ವಯಾ ಚಾರ್ಲಿ, ಡೆಲ್ಟಾ, ಹೋಲ್ಡ್ ಶಾರ್ಟ್ ರನ್‌ವೇ ಟೂ ಸೆವೆನ್." ಚಾರ್ಲಿ, ಡೆಲ್ಟಾ ಅನ್ನೋವು ಟ್ಯಾಕ್ಸಿವೇಗಳ, ಅಂದರೆ ವಿಮಾನ ನೆಲದ ಮೇಲೆ ಓಡಾಡುವ ದಾರಿಗಳ ಹೆಸರು. ದಾರಿಯಲ್ಲಿ ಟೂ ಸೆವೆನ್ ಅನ್ನುವ ಇನ್ನೊಂದು ರನ್‌ವೇ ಅಡ್ಡ ಬರುತ್ತದೆ, ಅದರ ಒಳಗೆ ಹೋಗದೆ ಈಚೆಗೇ ನಿಲ್ಲಿ ಅಂತ ಅರ್ಥ.

ನನಗೆ ಕೇಳಿಸಿದ್ದು ಚಾರ್ಲಿ ಒಂದೇ. ಉಳಿದದ್ದು ನೀರಿನಲ್ಲಿ ಕಲ್ಲು ಬಿದ್ದ ಹಾಗೆ ಎಲ್ಲೋ ಮುಳುಗಿ ಹೋಯಿತು. ನಾನು ಗುಂಡಿ ಒತ್ತಿ, ಬಹಳ ಆತ್ಮವಿಶ್ವಾಸದಿಂದ, "ರೋಜರ್, ಲಿಮಾ ಟ್ಯಾಂಗೋ" ಅಂದೆ. ಥ್ರಾಟಲ್ ಸ್ವಲ್ಪ ಮುಂದೆ ತಳ್ಳಿ ಹೊರಟೇಬಿಟ್ಟೆ.

"ಲಿಮಾ ಟ್ಯಾಂಗೋ, ರೀಡ್ ಬ್ಯಾಕ್ ಹೋಲ್ಡ್ ಶಾರ್ಟ್."

ಈಗ ಏನು ಓದಿ ಒಪ್ಪಿಸಲಿ? ತಲೆ ಪೂರ್ತಿ ಖಾಲಿ. ವಿಮಾನ ಮಾತ್ರ ಉರುಳುತ್ತಾ ಇದೆ. ಇನ್‌ಸ್ಟ್ರಕ್ಟರ್ ಕೈ ಮಡಿಲಲ್ಲಿಟ್ಟುಕೊಂಡೇ ಕಾಲಿನಿಂದ ಮೆಲ್ಲಗೆ ಬ್ರೇಕ್ ಒತ್ತಿದರು. ವಿಮಾನ ನಿಂತಿತು. ನೆಲದ ಮೇಲಿನ ಹಳದಿ ಗೆರೆಗಳು ಇನ್ನೂ ಸಾಕಷ್ಟು ದೂರದಲ್ಲಿದ್ದವು. ಎರಡು ಬಿಡದ ಗೆರೆ, ಎರಡು ತುಂಡು ಗೆರೆ, ಬಿಡದ ಗೆರೆಯ ಕಡೆಯಿಂದ ಬಂದರೆ ಅಪ್ಪಣೆ ಇಲ್ಲದೆ ದಾಟುವ ಹಾಗಿಲ್ಲ. ಅಪಾಯ ಏನೂ ಆಗಲಿಲ್ಲ. ಇನ್‌ಸ್ಟ್ರಕ್ಟರೇ ರೇಡಿಯೋ ತೆಗೆದುಕೊಂಡು "ಸೇ ಅಗೇನ್" ಅಂದರು. ಕಂಟ್ರೋಲರ್ ನಿಧಾನವಾಗಿ, ಒಂದೊಂದೇ ಮಾತು ಬಿಡಿಸಿ ಮತ್ತೆ ಹೇಳಿದರು. ಅವರ ಧ್ವನಿಯಲ್ಲಿ ಸಿಟ್ಟು ಇತ್ತಾ ಅಂತ ಹುಡುಕಿದೆ. ಇರಲಿಲ್ಲ. ನಾವು ಗೆರೆ ಹತ್ತಿರ ಹೋಗಿ ನಿಂತು ನೋಡುತ್ತಿದ್ದ ಹಾಗೆ ಎರಡು ಎಂಜಿನ್ನಿನ ವಿಮಾನವೊಂದು ಎದುರಿಗೆ ಆ ರನ್‌ವೇ ಮೇಲೆ ಬಂದು ಇಳಿಯಿತು.

ವಾಪಸ್ ಬಂದ ಮೇಲೆ ಇನ್‌ಸ್ಟ್ರಕ್ಟರ್ ಕೇಳಿದರು, "ರೋಜರ್ ಅಂದರೆ ಏನು?"

"ಸರಿ, ಆಯ್ತು ಅಂತ."

"ಅಲ್ಲ. ನೀವು ಹೇಳಿದ್ದೆಲ್ಲ ಕೇಳಿಸಿತು ಅಂತ, ಅಷ್ಟೇ. ನಿಮಗೆ ಕೇಳಿಸಿತ್ತಾ?"

ನಾನು ಸುಮ್ಮನಿದ್ದೆ.

ಆ ರಾತ್ರಿ ಯೋಚಿಸುವಾಗ ಹೊಳೆಯಿತು, ನಾನು ಮಾಡಿದ್ದು ಹೂಂಗುಟ್ಟುವ ಕೆಲಸ. ಯಾರೋ ಉದ್ದಕ್ಕೆ ಏನೋ ಹೇಳುತ್ತಿರುತ್ತಾರೆ, ಅರ್ಧ ಕೇಳಿರುವುದಿಲ್ಲ, ಇನ್ನೊಂದು ಸಲ ಕೇಳಿದರೆ ದಡ್ಡ ಅಂದುಕೊಂಡಾರು ಅಂತ ಹೂಂ ಹೂಂ ಅನ್ನುತ್ತೇವೆ ನೋಡಿ, ಅದೇ. ಕ್ಲಾಸಿನಲ್ಲಿ ಮಾಡಿದ್ದೇನೆ, ಆಫೀಸಿನ ಮೀಟಿಂಗ್‌ನಲ್ಲಿ ಮಾಡಿದ್ದೇನೆ, ಡಾಕ್ಟರ ಎದುರಿಗೂ ಮಾಡಿದ್ದೇನೆ. ಈಗ ರನ್‌ವೇ ಪಕ್ಕದಲ್ಲೂ ಮಾಡಿದ್ದೆ. ರೇಡಿಯೋದಲ್ಲಿ ಒಂದೊಂದಕ್ಕೂ ಬೇರೆ ಬೇರೆ ಮಾತು ಇಟ್ಟಿದ್ದಾರೆ. ಕೇಳಿಸಿತು ಅನ್ನಲು ರೋಜರ್. ಅರ್ಥ ಆಯ್ತು, ಹಾಗೇ ಮಾಡ್ತೀನಿ ಅನ್ನಲು ವಿಲ್ಕೋ. ಹೌದು ಅನ್ನಲು ಅಫರ್ಮ್. ಆಗಲ್ಲ ಅನ್ನಲು ಅನೇಬಲ್. ನಮ್ಮ ಒಂದೇ ಒಂದು ಹೂಂ ಇವುಗಳಲ್ಲಿ ಮೂರರ ಕೆಲಸ ಮಾಡುತ್ತದೆ, ಜೊತೆಗೆ ಏನೂ ತಿಳಿಯಲಿಲ್ಲ ಅನ್ನೋದನ್ನು ಮುಚ್ಚಿಡುವ ಕೆಲಸವನ್ನೂ.

ರನ್‌ವೇಗೆ ಸಂಬಂಧಪಟ್ಟ ಅಪ್ಪಣೆ, ಎತ್ತರ, ದಿಕ್ಕು, ವೇಗ, ಎತ್ತರ ತೋರಿಸುವ ಆಲ್ಟಿಮೀಟರಿಗೆ ಹಾಕುವ ಒತ್ತಡದ ಅಂಕಿ, ನಮ್ಮ ವಿಮಾನ ಯಾವುದು ಅಂತ ಕಂಟ್ರೋಲರ್ ಪರದೆಗೆ ತಿಳಿಸುವ ಟ್ರಾನ್ಸ್‌ಪಾಂಡರ್‌ನ ನಾಲ್ಕಂಕಿ ಕೋಡ್, ಇವನ್ನೆಲ್ಲ ಬರೀ ರೋಜರ್ ಅಂದು ಮುಗಿಸುವ ಹಾಗಿಲ್ಲ. ಕೇಳಿದ್ದನ್ನು ಹಾಗೇ ತಿರುಗಿ ಹೇಳಬೇಕು. ಅದನ್ನೇ ರೀಡ್‌ಬ್ಯಾಕ್ ಅನ್ನೋದು. ಗಾಳಿಯ ವೇಗ ತಿರುಗಿ ಹೇಳಬೇಕಿಲ್ಲ. ನಾನು ಅವಮಾನ ಆದ ಜೋಶ್‌ನಲ್ಲಿ ಒಂದು ವಾರ ಗಾಳಿಯನ್ನೂ ಒಪ್ಪಿಸುತ್ತಿದ್ದೆ, ಅಷ್ಟು ಬೇಡ ಅಂತ ಆಮೇಲೆ ನಿಲ್ಲಿಸಿದರು.

ಇನ್‌ಸ್ಟ್ರಕ್ಟರ್ ಬೈಯುವ ಜಾತಿಯವರಲ್ಲ. ಬೈಯುವ ಬದಲು ಓದಲು ಎರಡು ಅಪಘಾತಗಳ ವಿವರ ಕೊಟ್ಟರು. ಒಂದು ಸ್ಪೇನಿಗೆ ಸೇರಿದ ಟೆನೆರಿಫೆ ದ್ವೀಪದ್ದು, 1977ರ ಮಾರ್ಚ್ 27. ಮಂಜು ಕವಿದ ರನ್‌ವೇ ಮೇಲೆ ಎರಡು ದೊಡ್ಡ ಬೋಯಿಂಗ್ 747 ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತರು. ಕೆಎಲ್‌ಎಂ ವಿಮಾನದವರು ನಾವೀಗ ಟೇಕ್‌ಆಫ್‌ನಲ್ಲಿದ್ದೇವೆ ಅನ್ನುವ ಅರ್ಥದ ಮಾತು ಹೇಳಿದರು. ಕಂಟ್ರೋಲರ್ ಮೊದಲು ಓಕೆ ಅಂದರು, ಆಮೇಲೆ ಕಾಯಿರಿ, ನಾನೇ ಕರೀತೀನಿ ಅಂದರು. ಅದೇ ಹೊತ್ತಿಗೆ ಪ್ಯಾನ್ ಆಮ್ ವಿಮಾನದವರು ನಾವಿನ್ನೂ ರನ್‌ವೇ ಮೇಲೇ ಇದ್ದೇವೆ ಅಂದರು. ಕಂಟ್ರೋಲರ್ ಮತ್ತು ಪ್ಯಾನ್ ಆಮ್, ಇಬ್ಬರ ಮಾತೂ ಒಂದರ ಮೇಲೊಂದು ಬಿದ್ದು, ಕೆಎಲ್‌ಎಂ ಕಾಕ್‌ಪಿಟ್‌ನಲ್ಲಿ ಸರಿಯಾಗಿ ಕೇಳಿಸಿದ್ದು ಆ ಓಕೆ, ಅದರ ಹಿಂದೆ ಬಂದ ಕಿಂಯ್ ಸದ್ದು. ಕಾಯಿರಿ ಅನ್ನೋದು, ಇನ್ನೂ ಇಲ್ಲೇ ಇದ್ದೇವೆ ಅನ್ನೋದು ಅದರೊಳಗೆ ಹೂತು ಹೋಯಿತು. ಈಗ ಟೇಕ್‌ಆಫ್ ಅನ್ನುವ ಪದವನ್ನು ಆ ಅಪ್ಪಣೆ ಕೊಡುವಾಗ ಅಥವಾ ರದ್ದು ಮಾಡುವಾಗ ಮಾತ್ರ ಬಳಸುತ್ತಾರೆ. ಉಳಿದ ಹೊತ್ತೆಲ್ಲ ಡಿಪಾರ್ಚರ್. ನಾನು ಕಾಯುತ್ತಾ ನಿಂತಾಗ "ರೆಡಿ ಫಾರ್ ಡಿಪಾರ್ಚರ್" ಅಂತ ಯಾಕೆ ಹೇಳಿಸುತ್ತಿದ್ದರು ಅಂತ ಅವತ್ತು ಗೊತ್ತಾಯಿತು.

ಇನ್ನೊಂದು ಅಷ್ಟು ಹೆಸರಾದದ್ದಲ್ಲ, ನನ್ನನ್ನು ಜಾಸ್ತಿ ಕಾಡಿದ್ದು ಅದೇ. 1989ರ ಫೆಬ್ರವರಿ 19, ಫ್ಲೈಯಿಂಗ್ ಟೈಗರ್ 66 ಅನ್ನುವ ಸರಕು ವಿಮಾನ ಕೌಲಾಲಂಪುರದಲ್ಲಿ ಇಳಿಯಲು ಹೋಗುತ್ತಿತ್ತು. ಕಂಟ್ರೋಲರ್ ಹೇಳಿದ್ದು "ಡಿಸೆಂಡ್ ಟೂ ಫೋರ್ ಝೀರೋ ಝೀರೋ". ಅಂದರೆ 2400 ಅಡಿಗೆ ಇಳಿಯಿರಿ. ಪೈಲಟ್‌ಗಳಿಗೆ ಆ ಟೂ ಅನ್ನೋದು ಅಂಕಿ ಅನ್ನಿಸಲಿಲ್ಲ, 'ಗೆ' ಅನ್ನುವ ಅರ್ಥದ ಟು ಅನ್ನಿಸಿತು. "ಓಕೆ, ಫೋರ್ ಝೀರೋ ಝೀರೋ" ಅಂತ ತಿರುಗಿ ಹೇಳಿ 400 ಅಡಿಗೆ ಇಳಿಯತೊಡಗಿದರು. ತಿರುಗಿ ಹೇಳಿದ್ದು ತಪ್ಪು ಅಂತ ಯಾರೂ ಹಿಡಿಯಲಿಲ್ಲ. ವಿಮಾನ ಗುಡ್ಡಕ್ಕೆ ಬಡಿದು ನಾಲ್ಕೂ ಜನ ತೀರಿಕೊಂಡರು. ನೋಡಿ, ಇವರು ರೀಡ್‌ಬ್ಯಾಕ್ ಮಾಡಿದ್ದರು. ಹೇಳುವವರೂ ಕಿವಿ ಕೊಡದಿದ್ದರೆ ರೀಡ್‌ಬ್ಯಾಕ್ ಕೂಡ ಹೂಂ ಆಗಿಬಿಡುತ್ತದೆ.

ಆ ಹೇಳುವವರನ್ನು ಒಮ್ಮೆ ನೋಡಬೇಕು ಅನ್ನಿಸಿ, ಮೊದಲೇ ಅನುಮತಿ ಕೇಳಿ ಟವರ್‌ಗೆ ಹೋದೆ. ಕಲಿಯುತ್ತಿರುವವರು ಯಾರೇ ಆಗಲಿ, ಅವಕಾಶ ಸಿಕ್ಕರೆ ಬಿಡಬೇಡಿ. ಮೇಲೆ ಸುತ್ತ ಗಾಜು, ಒಳಗೆ ನಾನಂದುಕೊಂಡಿದ್ದಕ್ಕಿಂತ ಮೌನ. ಪ್ರತಿ ವಿಮಾನಕ್ಕೂ ಉದ್ದನೆಯ ಒಂದು ಪಟ್ಟಿ, ಪ್ಲಾಸ್ಟಿಕ್ ಹಿಡಿಯಲ್ಲಿ ಸಿಕ್ಕಿಸಿದ ಕಾಗದ, ಅದರ ಮೇಲೆ ಪೆನ್ನಿನಿಂದ ಗೀಚುತ್ತಾ ಮೇಲೆ ಕೆಳಗೆ ಸರಿಸುತ್ತಾ ಇರುತ್ತಾರೆ. ಅಪ್ಪಣೆ ಕೊಟ್ಟ ಕಂಟ್ರೋಲರ್ ಪೆನ್ನನ್ನು ಕಾಗದದ ಮೇಲೆ ಹಾಗೇ ಹಿಡಿದು ಕಾಯುತ್ತಿದ್ದರು. ಪೈಲಟ್ ಸರಿಯಾಗಿ ತಿರುಗಿ ಹೇಳಿದ ಮೇಲೇ ಪೆನ್ನು ಅಲ್ಲಾಡುತ್ತಿದ್ದುದು. ಪೆನ್ನು ಹಾಗೆ ನಿಂತಿರುವ ಆ ಎರಡು ಸೆಕೆಂಡ್ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಮೇಲಿಂದ ಒಂದು ದೊಡ್ಡ ಟಾರ್ಚ್ ಥರದ್ದು ನೇತಾಡುತ್ತಿತ್ತು. ರೇಡಿಯೋ ಕೆಟ್ಟುಹೋದ ವಿಮಾನಕ್ಕೆ ಬೆಳಕಿನಲ್ಲಿ ಹೇಳುವುದಕ್ಕೆ. ಹಾರುತ್ತಿರುವವರಿಗೆ ಬಿಡದ ಹಸಿರು ತೋರಿಸಿದರೆ ಇಳಿಯಬಹುದು, ಬಿಡದ ಕೆಂಪು ತೋರಿಸಿದರೆ ಬೇರೆಯವರಿಗೆ ದಾರಿ ಬಿಟ್ಟು ಸುತ್ತುತ್ತಾ ಇರಬೇಕು. ಪೈಲಟ್ ರೆಕ್ಕೆ ಅಲ್ಲಾಡಿಸಿದರೆ ನೋಡಿದೆ ಅಂತ ಅರ್ಥ. ರೆಕ್ಕೆಯಲ್ಲಿ ಹೇಳುವ ಹೂಂ, ಅಲ್ವಾ! ರೇಡಿಯೋ ಸತ್ತುಹೋದರೆ ಟ್ರಾನ್ಸ್‌ಪಾಂಡರ್‌ನಲ್ಲಿ 7600 ಹಾಕಬೇಕು ಅನ್ನೋದನ್ನು ಓದಿ ಗೊತ್ತಿತ್ತು. ಹಾಕಿದಾಗ ಅವರ ಪರದೆಯ ಮೇಲೆ ಅದು ಎದ್ದು ಕಾಣುತ್ತದೆ ಅನ್ನೋದು ಅಲ್ಲಿ ತಿಳಿಯಿತು.

ನಾನು ನನ್ನ ರೋಜರ್ ಕಥೆ ಹೇಳಿಕೊಂಡೆ. ಕಂಟ್ರೋಲರ್ ನಕ್ಕರು. "ತಪ್ಪು ಹೇಳಿದರೆ ತಿದ್ದಬಹುದು. ಸೇ ಅಗೇನ್ ಅಂದರೆ ಇನ್ನೂ ಸುಲಭ. ಬರೀ ರೋಜರ್ ಅಂದರೆ ನಿಮ್ಮ ತಲೆಯೊಳಗೆ ಏನಿದೆ ಅಂತ ನಾನು ಹೇಗೆ ನೋಡಲಿ?" ಆಮೇಲೆ ಅವರೇ ಅವಿಯಾಂಕಾ 52ರ ವಿಷಯ ತೆಗೆದರು. 1990ರ ಜನವರಿ, ನ್ಯೂಯಾರ್ಕ್ ಹತ್ತಿರ ಒಂದು ಗಂಟೆಗೂ ಜಾಸ್ತಿ ಹೊತ್ತು ಆಕಾಶದಲ್ಲೇ ಸುತ್ತಿಸಿದ ವಿಮಾನ. ಇಂಧನ ಮುಗಿಯುತ್ತಾ ಬಂದಿದೆ ಅಂತ ಪೈಲಟ್ ಹೇಳಿದ್ದರು. ಎಮರ್ಜೆನ್ಸಿ ಅನ್ನುವ ಮಾತು ಹೇಳಲಿಲ್ಲ, ಮೇಡೇ ಅನ್ನಲಿಲ್ಲ. ಇಂಧನ ಪೂರ್ತಿ ಮುಗಿದು ಬಿದ್ದು 73 ಜನ ಸತ್ತರು. ಮೇಡೇ ಮೂರು ಸಲ ಅಂದರೆ ಎಲ್ಲರೂ ಕೈಯಲ್ಲಿದ್ದ ಕೆಲಸ ಬಿಟ್ಟು ಇತ್ತ ತಿರುಗುತ್ತಾರೆ. ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನದ್ದಕ್ಕೆ ಪ್ಯಾನ್ ಪ್ಯಾನ್ ಇದೆ. "ಸಂಕೋಚ ಪಡುವವರೇ ನಮಗೆ ಕಷ್ಟ" ಅಂದರು ಅವರು. ನಾನು ತಲೆಯಾಡಿಸಿದೆ. ಆಮೇಲೆ ಇದೂ ಹೂಂ ತಾನೇ ಅನ್ನಿಸಿ ನಗು ಬಂತು.

ಒಬ್ಬನೇ ದೂರ ಹಾರುವ ದಿನ ಬಂತು. ಪಕ್ಕದ ಸೀಟು ಖಾಲಿ, ಕಿಟಕಿ ಕಡೆ ತಿರುಗಿ ನಗುವವರು ಯಾರೂ ಇಲ್ಲ. ಸುಮಾರು 3000 ಅಡಿಯಲ್ಲಿದ್ದೆ. ಕಂಟ್ರೋಲರ್ ಮುಂದಿನ ಕಂಟ್ರೋಲರ್‌ಗೆ ಕರೆ ಮಾಡಿ ಅಂತ ಒಂದು ಫ್ರೀಕ್ವೆನ್ಸಿ ಕೊಟ್ಟರು. ನನಗೆ ಕೇಳಿಸಿದ್ದು ಒನ್ ಒನ್ ನೈನರ್ ಡೆಸಿಮಲ್ ಒನ್. ತಿರುಗಿ ಹೇಳಿದೆ, ಅವರು ಆ ಹೊತ್ತಿಗೆ ಬೇರೆ ವಿಮಾನದ ಜೊತೆ ಮಾತಿಗಿಳಿದಿದ್ದರು. ಫ್ರೀಕ್ವೆನ್ಸಿ ಬದಲಿಸಿ ಕರೆದೆ. ಉತ್ತರ ಇಲ್ಲ. ಮತ್ತೆ ಕರೆದೆ. ಇಲ್ಲ.

ಆ ಮೌನದಲ್ಲಿ ತಲೆ ಎಲ್ಲೆಲ್ಲೋ ಓಡುತ್ತದೆ. ರೇಡಿಯೋ ಕೆಟ್ಟಿತಾ? ತೀರಾ ಕೆಳಗಿದ್ದೇನಾ? ಈ ಅಲೆಗಳು ನೇರ ದಾರಿಯಲ್ಲಿ ಹೋಗುವಂಥವು, ಭೂಮಿ ಬಾಗಿದಲ್ಲಿ ಅಥವಾ ಗುಡ್ಡ ಅಡ್ಡ ಬಂದಲ್ಲಿ ಮುಗೀತು. 1000 ಅಡಿಯಿಂದ ಸುಮಾರು 39 ನಾಟಿಕಲ್ ಮೈಲಿ, 10,000 ಅಡಿಯಿಂದ ಸುಮಾರು 123, ಅದೂ ಅಡ್ಡ ಏನೂ ಇಲ್ಲದಿದ್ದರೆ. ವಾಲ್ಯೂಮ್ ನೋಡಿದೆ, ಸರಿ ಇತ್ತು. ಹೆಡ್‌ಸೆಟ್ ಪ್ಲಗ್ ಒತ್ತಿ ನೋಡಿದೆ, ಸರಿ ಇತ್ತು. ಇಷ್ಟರಲ್ಲಿ ಮೂಗು ಸ್ವಲ್ಪ ಮೇಲೆದ್ದು 150 ಅಡಿ ಏರಿದ್ದೆ. ಮೊದಲು ಹಾರಿಸು, ಆಮೇಲೆ ದಾರಿ ನೋಡು, ಮಾತು ಕೊನೆಗೆ ಅಂತ ಮೊದಲ ದಿನದಿಂದ ಕಿವಿಗೆ ಹಾಕಿದ್ದು ಆಗ ನೆನಪಾಯಿತು. ಎತ್ತರ ಸರಿ ಮಾಡಿಕೊಂಡೆ. ಹಳೇ ಫ್ರೀಕ್ವೆನ್ಸಿಗೆ ವಾಪಸ್ ಹೋದೆ. ಕಾಯ್ದು, ಸಂದು ಸಿಕ್ಕಿದ ಕೂಡಲೇ ಗುಂಡಿ ಒತ್ತಿ, ಒಂದು ಕ್ಷಣ ನಿಂತು, "ಲಿಮಾ ಟ್ಯಾಂಗೋ, ಸೇ ಅಗೇನ್ ಫ್ರೀಕ್ವೆನ್ಸಿ" ಅಂದೆ.

"ಲಿಮಾ ಟ್ಯಾಂಗೋ, ಒನ್ ಒನ್ ನೈನರ್ ಡೆಸಿಮಲ್ ಸೆವೆನ್."

ಒನ್ ಅಲ್ಲ, ಸೆವೆನ್. ತಿರುಗಿ ಹೇಳಿದೆ. "ಕರೆಕ್ಟ್" ಅಂದರು. ಒಟ್ಟು ಹತ್ತು ಸೆಕೆಂಡ್ ಆಯಿತೋ ಇಲ್ಲವೋ. ಯಾರೂ ನಗಲಿಲ್ಲ, ಯಾರೂ ನಿಟ್ಟುಸಿರು ಬಿಡಲಿಲ್ಲ. ಇಷ್ಟಕ್ಕೇ ತಿಂಗಳುಗಟ್ಟಲೆ ಹೆದರಿದ್ದೆ ಅಂತ ನನ್ನ ಮೇಲೆ ನನಗೇ ಕೋಪ ಬಂತು, ಆದರೆ ಕೋಪ ಮಾಡಿಕೊಳ್ಳಲು ಪುರುಸೊತ್ತಿರಲಿಲ್ಲ, ಮುಂದಿನವರು ಆಗಲೇ ಟ್ರಾನ್ಸ್‌ಪಾಂಡರ್ ಕೋಡ್ ಓದುತ್ತಿದ್ದರು.

ಇಳಿದದ್ದು ಅದೇ ದೊಡ್ಡ ಏರ್‌ಪೋರ್ಟ್‌ನಲ್ಲಿ. ರನ್‌ವೇ ಬಿಟ್ಟು ಬಂದು ಗ್ರೌಂಡ್ ಕರೆದೆ. ಪೆನ್ನು ಮೊದಲೇ ಕೈಯಲ್ಲಿತ್ತು. "ಲಿಮಾ ಟ್ಯಾಂಗೋ, ಟ್ಯಾಕ್ಸಿ ವಯಾ ಚಾರ್ಲಿ, ಡೆಲ್ಟಾ, ಹೋಲ್ಡ್ ಶಾರ್ಟ್ ರನ್‌ವೇ ಟೂ ಸೆವೆನ್." ಪೂರ್ತಿ ತಿರುಗಿ ಹೇಳಿದೆ, ಕೊನೆಯ ಸೆವೆನ್ ಸ್ವಲ್ಪ ಜೋರಾಗಿಯೇ. ಆ ಕಡೆ ಪೆನ್ನೊಂದು ಅಲ್ಲಾಡಿರಬೇಕು.

ತಪ್ಪುಗಳೇನೂ ನಿಂತಿಲ್ಲ. ಕಳೆದ ವಾರ ಗ್ರೌಂಡ್‌ನವರನ್ನು ಟವರ್ ಅಂತ ಕರೆದೆ, ಅವರು ಉತ್ತರದಲ್ಲಿ "ಗ್ರೌಂಡ್" ಅನ್ನೋದನ್ನು ಸ್ವಲ್ಪ ಎಳೆದು ಹೇಳಿದರು. ನನ್ನ ಹಿಂದೆಯೇ ಕರೆದ ಇನ್ನೊಬ್ಬರೂ ಟವರ್ ಅಂದರು.